ಮೂರು ಹೊಲಿಗೆಗೊಂದು ಒಗೆತ

ಸವೆದ ಕಾಲರ್ ಬಿಚ್ಚಿ, ತಿರುವಿ ಹೊಲಿದು ಅಂಗಿಗೆ ಎರಡನೇ ಜನ್ಮ ಕೊಡುವುದರಲ್ಲಿ ಟೈಲರಮ್ಮನನ್ನು ಮೀರಿಸಿದವರಿರಲಿಲ್ಲ. "ಅಂಗಿ ಸಾಯೋದು ಮೈಮೇಲಲ್ಲ, ಒಗೆಯೋ ಕಲ್ಲಿನ ಮೇಲೆ" ಎಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು. ಗಂಡನ ಕಿವಿಗೆ ಮಾತ್ರ ಅದು ಬೀಳುತ್ತಿರಲಿಲ್ಲ.

ಗಂಡ ಗುಮಾಸ್ತ. ದಿನವಿಡೀ ಫ್ಯಾನಿನ ಕೆಳಗೆ ಕೂತು ಬಂದ ಅಂಗಿಯನ್ನೂ ಸಂಜೆ ಬುಟ್ಟಿಗೆ ಎಸೆಯುತ್ತಿದ್ದ. ವಾರಕ್ಕೆ ಆರು ಅಂಗಿ. ಭಾನುವಾರ ಆರನ್ನೂ ಹಿಂಡಿದರೆ ಅವಳ ಮಣಿಕಟ್ಟು ಊದಿ, ಸೋಮವಾರ ಕತ್ತರಿ ಹಿಡಿಯಲಾಗುತ್ತಿರಲಿಲ್ಲ. ಕೈ ಕೆಟ್ಟರೆ ಕಸುಬೇ ಕೆಟ್ಟಂತೆ.

ಕೊನೆಗೆ ಅವಳೇ ಒಂದು ಉಪಾಯ ಹೂಡಿದಳು. ಬುಟ್ಟಿಯ ಅಂಗಿಗಳನ್ನು ಗಾಳಿಗೆ ಹರವಿ, ಇಸ್ತ್ರಿ ಮಾಡಿ, ಅಂಚಿನ ಒಳಮಡಿಕೆಗೆ ಒಂದು ಕೆಂಪು ದಾರದ ಹೊಲಿಗೆ ಹಾಕಿ ಬೀರುವಿಗೆ ಸೇರಿಸಿದಳು. ಒಂದು ಸಲ ತೊಟ್ಟರೆ ಒಂದು ಹೊಲಿಗೆ, ಮೂರಾದರೆ ಬಕೆಟ್ಟಿಗೆ.

ಶಾಲೆಯ ಸಮವಸ್ತ್ರಗಳ ರಾಶಿಯ ನಡುವೆ, ಮೂರಾಗಿಲ್ಲ ತಾನೇ ಎಂದಷ್ಟೇ ನೋಡಿ ಮತ್ತೊಂದು ಹಾಕುತ್ತಾ ಹೋದಳು. ಮಣಿಕಟ್ಟಿನ ಊತ ಇಳಿಯಿತು.

ಒಂದು ಭಾನುವಾರ ಗಂಡ ಅಂಗಿ ತೊಡುತ್ತಾ ಗೊಣಗಿದ. "ಏನೇ, ಊರಿಗೆಲ್ಲ ಹೊಲಿದು ಕೊಡ್ತೀಯ, ನನ್ನ ಅಂಗೀಲಿ ಮಾತ್ರ ದಿನಾ ಕೆಂಪು ದಾರ ಬಿಟ್ಕೊಂಡಿರುತ್ತೆ. ಒಂದೂವರೆ ತಿಂಗಳಿಂದ ಕಿತ್ತು ಕಿತ್ತು ಸಾಕಾಯ್ತು."

ಟೈಲರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಎಲ್ಲ ಹೇಳಿಬಿಟ್ಟಳು.

"ಅಯ್ಯಯ್ಯೋ! ಇಲ್ಲೀತನಕ ಒಗೆದೇ ಇಲ್ವಾ? ಮೊನ್ನೆ ಸಾಹೇಬರ ಪಕ್ಕದಲ್ಲೇ ಕೂತಿದ್ದೆನಲ್ಲೇ!"

"ಏನಂದ್ರು?"

"ಹೊಸ ಅಂಗೀನಾ ಅಂದ್ರು."

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಮದುವೆಗೆ ಮುಂಚೆ ವಾರಗಟ್ಟಲೆ ಒಂದೇ ಅಂಗಿ ಬಿಚ್ಚುತ್ತಿರಲಿಲ್ಲ ಕಣೋ ನೀನು. ಈ ಮಡಿಯೆಲ್ಲ ಹೆಂಡ್ತಿ ಬಂದ್ಮೇಲೆ ಶುರುವಾಗಿದ್ದು."

ಗಂಡನ ಮುಖ ಕೆಂಪಾಯಿತು. "ಈಗಲೇ ಆರೂ ಒಗೆ!"

"ಕೊಳೆ ಯಾರ ಕಣ್ಣಿಗೆ ಕಾಣುತ್ತೋ ಅವರೇ ಒಗೀಲಿ ರೀ." ಬಕೆಟ್ಟನ್ನು ಅವನ ಮುಂದಿಟ್ಟು ಹೊಲಿಗೆ ಯಂತ್ರಕ್ಕೆ ಕೂತಳು.

ಅವನೂ ಹಟಕ್ಕೆ ಬಿದ್ದ. ಮೊದಲ ಅಂಗಿಗೆ ಬಚ್ಚಲಿನಿಂದ ದಡಬಡ ಸದ್ದು. ಎರಡನೆಯದಕ್ಕೆ ನರಳಾಟ. ಆಮೇಲೆ ಸದ್ದೇ ಇಲ್ಲ. ಸೊಂಟ ಹಿಡಿದುಕೊಂಡು ಹೊರಬಂದವನು ಮೂರನೆಯ ಅಂಗಿಯ ಕಂಕುಳನ್ನು ಬಹಳ ಗಂಭೀರವಾಗಿ ಮೂಸಿದ.

"ಇದೇನು ಅಷ್ಟು ಕೊಳೆಯಾಗಿಲ್ಲ ಬಿಡು. ಬುಧವಾರಕ್ಕೆ ನಡೆಯುತ್ತೆ."

"ಉಳಿದ ಮೂರು?"

"ಅವೂ ನಡೀತವೆ," ಎಂದು ದನಿ ತಗ್ಗಿಸಿದ, "ಅಮ್ಮಂಗೆ ಮಾತ್ರ ಹೇಳಬೇಡ."

"ಕೇಳಿಸ್ತು ಕಣೋ," ಎಂದಿತು ಒಳಕೋಣೆ.