ಮುಖ ಚಪ್ಪಟೆ, ಬೆನ್ನು ಗೂನು

ನಿನ್ನೆ ಹಾಲು ಕಾಯಿಸಿದೆ, ಅತ್ತೆಯವರ ಮೈ ಒರೆಸಿ ಸೀರೆ ಬದಲಿಸಿದೆ, ಅವರ ಪೂಜೆಗೆ ಅಣಿ ಮಾಡಿಕೊಟ್ಟೆ, ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಜೋಳವನ್ನು ಗಿರಣಿಗೆ ಕಳಿಸಿದೆ, ಅಡುಗೆ ಮುಗಿಸಿ ಪೇಟೆಗೆ ಹೋಗಿ ಟೀವಿ ಅಂಗಡಿಯ ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿದೆ. ಕೊನೆಯದನ್ನು ಬಿಟ್ಟರೆ ಉಳಿದವೆಲ್ಲ ದಿನದ ಕೆಲಸಗಳೇ.

ಅತ್ತೆಯವರು ಸಾರಥಿ ಊರಿನ ಮನೆಯ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಎಸ್.ಎಸ್. ಬಡಾವಣೆಯ ನಮ್ಮ ಮನೆಯ ನಡುಮನೆಯಲ್ಲಿ ಮಂಚ ಹಿಡಿದಿದ್ದಾರೆ. ಟೀವಿ ಇರುವುದು ಅವರ ಎಡಕ್ಕೆ, ಮನೆ ಕಟ್ಟಿಸುವಾಗಲೇ ಗೋಡೆಯಲ್ಲಿ ಬಿಡಿಸಿದ ಗೂಡಿನೊಳಗೆ. ಮಲಗಿದಲ್ಲಿಂದ ಅದು ಓರೆಯಾಗಿ ಕಾಣುತ್ತದೆ. ಕಾಣುವುದಾದರೂ ಚಿತ್ರವಲ್ಲ, ಉಬ್ಬಿದ ಗಾಜಿನಲ್ಲಿ ಹೊಳೆಯುವ ಪಡುವಣ ಕಿಟಕಿ. ಕಿಟಕಿ ಮುಚ್ಚಿದರೆ ಅವರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಸಂಜೆಯ ಧಾರಾವಾಹಿಯನ್ನು ಕಿವಿಯಿಂದಲೇ ನೋಡುತ್ತಾರೆ. “ಈಗ ಅಳ್ತಿರೋದು ಯಾರೇ, ದೊಡ್ಡ ಸೊಸೀನೋ ಸಣ್ಣಾಕೀನೋ?” ನಾನು ಒಗ್ಗರಣೆ ಬಿಟ್ಟು ಬಂದು ನೋಡಿ ಹೇಳುವಷ್ಟರಲ್ಲಿ ಅಳುವವರು ಬದಲಾಗಿರುತ್ತಾರೆ.

ಹೊಸ ಟೀವಿಯ ಮಾತೆತ್ತಿದಾಗ ನಮ್ಮ ಯಜಮಾನರು ಇಲ್ಲವೆನ್ನಲಿಲ್ಲ. “ತಿಳ್ಕಂಡು ಹೇಳು, ತಗಳಾಣ. ಆಮೇಲೆ ತಪ್ಪಾತು ಅನ್ನಬ್ಯಾಡ, ಅಷ್ಟೆ” ಎಂದರು. ಆ ‘ಅಷ್ಟೆ’ಯಲ್ಲಿ ನನ್ನ ನೆಮ್ಮದಿ ಹೋಯಿತು. ನಮ್ಮಂಥವರ ಮನೆಗೆ ಟೀವಿ ಬರುವುದು ಹತ್ತು ಹನ್ನೆರಡು ವರ್ಷಕ್ಕೊಮ್ಮೆ. ಅತ್ತೆಯವರಿಗೆ ಎಂಬತ್ತು ದಾಟಿದೆ. ಈ ಸಲ ತಪ್ಪಿದರೆ ಮುಂದಿನ ಸಲ ಸರಿಮಾಡಿಕೊಳ್ಳೋಣ ಎನ್ನುವ ಹಾಗಿಲ್ಲ.

ತಿಳಿದುಕೊಳ್ಳಲು ಯಾರನ್ನು ಕೇಳುವುದು? ಹರಿಹರದ ಕಾರ್ಖಾನೆಯಲ್ಲಿರುವ ನನ್ನ ತಮ್ಮ ವೀರೇಶನಿಗೆ ಗೊತ್ತಿಲ್ಲದ ವಿಷಯವಿಲ್ಲ. ಇದ್ದರೂ ಅವನು ಅದನ್ನು ತೋರಗೊಡುವುದಿಲ್ಲ. “ಅಕ್ಕ, ಈಗ ಫ್ಲಾಟ್ ಬಂದೈತೆ. ಕ್ಯಾಲೆಂಡರ್ ಇದ್ದಂಗೆ, ಗೋಡಿಗೆ ನೇತಾಕದು” ಎಂದ. ನಂಬಿದೆ, ಯಾಕೆಂದರೆ ಅದು ನನಗೆ ಅನುಕೂಲವಾಗಿತ್ತು. ಅತ್ತೆಯವರ ಕಾಲ ಕಡೆಯ ಗೋಡೆಯ ಪಕ್ಕದಲ್ಲೇ ಅಡುಗೆಮನೆಗೆ ಓಡಾಡುವ ದಾರಿ. ಅಲ್ಲಿ ಮೇಜು ಹಿಡಿಯುವುದಿಲ್ಲ, ಕ್ಯಾಲೆಂಡರ್ ಹಿಡಿಯುತ್ತದೆ. ಗಾರೆಯವನನ್ನು ಕರೆಸಿ ಎರಡು ಕಬ್ಬಿಣದ ಕೊಂಡಿ ಹಾಕಿಸಿಯೇಬಿಟ್ಟೆ. ಯಜಮಾನರು ಸಂಜೆ ಬಂದು ನೋಡಿ, “ಏನೇ, ಈ ವಯಸ್ಸಿನಾಗೆ ತೊಟ್ಲು ಕಟ್ತೀಯೇನು?” ಎಂದರು.

ನಿನ್ನೆ ಯಜಮಾನರ ಜೊತೆ ಹೋದಾಗ ಅಂಗಡಿಯಲ್ಲಿ ಮಾಲೀಕರು ಆ ಫ್ಲಾಟ್ ಟೀವಿಯನ್ನು ಮೆಲ್ಲಗೆ ತಿರುಗಿಸಿದರು. ಮುಖವೇನೋ ರೊಟ್ಟಿ ಬಡಿಯುವ ಹಲಗೆಯಷ್ಟು ಚಪ್ಪಟೆ. ಬೆನ್ನು ಮಾತ್ರ ಅದೇ ಹಳೆಯ ಗೂನು.

“ಗೋಡಿಗೆ ಹಾಕೋವು ಫಾರಿನ್ನಾಗೆ ಅದಾವಂತ ಕೇಳೀನ್ರಿ, ನಾನೂ ನೋಡಿಲ್ಲ. ಇಲ್ಲಿ ಫ್ಲಾಟ್ ಅಂದ್ರೆ ಗಾಜು ಅಷ್ಟೇ.”

ಭೂಮಿ ಚಪ್ಪಟೆ ಎಂದ ಹಳಬರನ್ನು ನೋಡಿ ನಕ್ಕು, ಗುಂಡಗಿದೆ ಎಂದು ಕಲಿತು ನಾವು ಬುದ್ಧಿವಂತರಾದೆವು. ಈಗ ಗುಂಡಗಿದ್ದ ಗಾಜನ್ನು ಚಪ್ಪಟೆ ಮಾಡಿ ಇನ್ನೂ ಬುದ್ಧಿವಂತರಾಗುತ್ತಿದ್ದೇವೆ. ಇದರಲ್ಲಿ ಅತ್ತೆಯವರಿಗೆ ಏನು ಸಿಕ್ಕಿತು? ಗೂನು ಇರುವುದರಿಂದ ಹೊಸದೂ ಅದೇ ಗೂಡಿಗೆ ಹೋಗಬೇಕು, ಓರೆಯಾಗಿಯೇ ಕಾಣಬೇಕು. ಬೇಡವೆಂದು ಎದ್ದುಬಿಡೋಣ ಅನ್ನಿಸಿತು. ಆಗ ಬೆಳಿಗ್ಗೆ ತಿಕ್ಕಿದ ಕೊಡದ ನೆನಪಾಯಿತು. ಹೊಳೆಯುವ ಕೊಡದ ಉಬ್ಬಿನಲ್ಲಿ ಎಲ್ಲಿ ನಿಂತು ನೋಡಿದರೂ ಅಡುಗೆಮನೆಯ ಕಿಟಕಿ ಇದ್ದೇ ಇರುತ್ತದೆ. ಗೋಡೆಯ ಕನ್ನಡಿ ಹಾಗಲ್ಲ. ಒಂದು ಹೆಜ್ಜೆ ಸರಿದರೆ ಕಿಟಕಿ ಮಾಯ. ಹಾಗಾದರೆ ಗಾಜಿಗೂ ಇದೇ ನ್ಯಾಯವಿರಬೇಕು, ಚಪ್ಪಟೆಯದಾದರೆ ಓರೆಯಿಂದ ನೋಡುವವರಿಗೆ ಕಿಟಕಿ ಅಡ್ಡ ಬರಲಿಕ್ಕಿಲ್ಲ. ಆದರೆ ಅಂಗಡಿಯಲ್ಲಿ ಎಲ್ಲರೂ ಟೀವಿ ನೋಡುವುದು ಎದುರಿಗೆ ನಿಂತು. ನಮ್ಮ ಮನೆಯಲ್ಲಿ ನೋಡಬೇಕಾದವರು ಮಲಗಿದ್ದಾರೆ. ಅದಕ್ಕೇ ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ಮಲಗಿದೆ.

“ಅಮ್ಮಾರೆ, ಆರಾಮಿಲ್ವಾ? ನೀರು ತರಿಸ್ಲಾ?”

“ಆರಾಮದೀನಿ. ಟ್ಯೂಬ್‌ಲೈಟ್ ಹಾಕ್ರಿ. ಹಳೇ ನಮೂನೀದು, ಹೊಸಾದು, ಎರಡೂ ಪಕ್ಕಪಕ್ಕ ಹಚ್ಚಿ ತೋರಿಸ್ರಿ.”

ಯಜಮಾನರು ನನ್ನನ್ನು ಗುರುತೇ ಇಲ್ಲದವರಂತೆ ಬೀದಿಗೆ ಮುಖ ಮಾಡಿದರು. “ಏಳೇ, ಜನ ನೋಡ್ತಾರೆ.”

“ಜನ ನೋಡ್ಲಿ ಬಿಡ್ರಿ. ಅತ್ತೆಮ್ಮ ನೋಡಬೇಕಲ್ಲ.”

ಉಬ್ಬು ಗಾಜಿನಲ್ಲಿ ಟ್ಯೂಬ್‌ಲೈಟ್ ಬಾಗಿ ಉರಿಯುತ್ತಿತ್ತು. ಚಪ್ಪಟೆಯದರಲ್ಲಿ ಕ್ರಿಕೆಟ್ ಆಡುವವರು ತುಸು ಸಣಕಲಾಗಿ, ಆದರೆ ಸ್ಪಷ್ಟವಾಗಿ ಓಡುತ್ತಿದ್ದರು. ಅದನ್ನೇ ತಂದೆವು. ಆಟೋದಲ್ಲಿ ಬರುವಾಗ ಮತ್ತೆ ಭಯ: ಮನೆಯ ಕಿಟಕಿ ಅಂಗಡಿಯ ಟ್ಯೂಬ್‌ಲೈಟಿನಷ್ಟು ಒಳ್ಳೆಯದೇ?

ವಿಭೂತಿ ಹಚ್ಚದೆ ಹೊಸ ವಸ್ತುವನ್ನು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಗಾಜಿಗೆ ಏನೂ ತಾಗಿಸಬೇಡಿ ಎಂದು ಅಂಗಡಿಯವರು ಹೇಳಿದ್ದರು. ಬೆನ್ನಿಗೆ ಹಚ್ಚಲು ಹೋದರೆ ಅತ್ತೆಯವರು, “ಹಣಿ ಬಿಟ್ಟು ಬೆನ್ನಿಗೆ ಹಚ್ತಾರೇನೇ?” ಎಂದರು. ಕೊನೆಗೆ ಗಾಜಿನ ಮೇಲ್ಗಡೆಯ ಪ್ಲಾಸ್ಟಿಕ್ ಅಂಚಿಗೆ ಮೂರು ಗೆರೆ ಎಳೆದೆ.

ಧಾರಾವಾಹಿ ಬಂತು. ನಾನು ಟೀವಿ ನೋಡಲಿಲ್ಲ, ಅತ್ತೆಯವರ ಮುಖವನ್ನೇ ನೋಡುತ್ತಿದ್ದೆ. ಯಾರು ಅಳುತ್ತಿದ್ದಾರೆಂದು ಅವರು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.

“ಕಾಣಲ್ವೇನ್ರಿ ಅತ್ತೆಮ್ಮ?”

“ಕಾಣ್ತೈತೆ ಕಣೇ, ಅದಕ್ಕೇ ಮುಚ್ಚೀನಿ. ಆ ಸಣ್ಣ ಸೊಸೀಗೆ ಹೊಡಿಯಾಕೆ ಬಂದಾಳ ಅವರತ್ತೆ. ಅದನ್ನ ಹೆಂಗೆ ನೋಡ್ಲಿ? ಮುಗೀತಾ ಹೇಳು.”

ಮುಗಿದ ಮೇಲೆ ಹೇಳಿದೆ, ಕಣ್ಣು ಬಿಟ್ಟರು. ಇಷ್ಟು ದಿನ ಕಾಣದೆಯೂ ಕಣ್ಣು ತೆರೆದೇ ಇದ್ದವರಿಗೆ, ಬೇಡವಾದಾಗ ಮುಚ್ಚಿಕೊಳ್ಳುವ ಹಕ್ಕು ಬಂದಿತ್ತು. ಚಪ್ಪಟೆ ಗಾಜಿನ ತಂತ್ರಜ್ಞಾನ ನನಗೆ ತಿಳಿದದ್ದು ಇಷ್ಟೇ, ಆದರೆ ಸಾಕಾಗುವಷ್ಟು.

ರಾತ್ರಿ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ ಮಜ್ಜಿಗೆ ಉಂಡೆವು. ಎಲ್ಲರಿಗಿಂತ ಮೊದಲು ಮಲಗಿದ್ದು ನಾನು.