ಕೋದಂಡಪ್ಪನ ನಾಲ್ಕು ಪುಟದ ಒಕ್ಕಣೆ

ಬಂಗಾರಪೇಟೆ ತಾಲ್ಲೂಕು ಕಚೇರಿಯ ಎದುರು ಹುಣಸೆಮರದಡಿ ಕೂತು ಅರ್ಜಿ ಬರೆದುಕೊಡುತ್ತಿದ್ದ ಕೋದಂಡಪ್ಪನಷ್ಟು ಒಳ್ಳೆಯ ಮನುಷ್ಯನನ್ನು ನಾನು ಕಂಡಿಲ್ಲ. ಅವನಷ್ಟು ನನ್ನ ತಲೆ ತಿಂದವನನ್ನೂ ಕಂಡಿಲ್ಲ. ಇಪ್ಪತ್ತು ವರ್ಷ ಮೇಷ್ಟ್ರಾಗಿ ಎಂಥೆಂಥ ದಡ್ಡರಿಗೋ ಕಾಗುಣಿತ ಕಲಿಸಿದವನು ನಾನು. ಇವನಿಗೆ ನೆಟ್ಟಗೆ ಒಂದು ಪತ್ರ ಬರೆಯುವುದನ್ನು ಕಲಿಸಲಾಗಲಿಲ್ಲ. ಅಮಲ್ದಾರರಿಗೆ ಬರೆಯಲಿ, ಪೋಸ್ಟ್ ಮಾಸ್ಟರಿಗೆ ಬರೆಯಲಿ, ಮೊದಲ ಮೂರು ಪುಟ ಬರೀ ಸ್ತೋತ್ರ. ದೂರು ನಾಲ್ಕನೆಯ ಪುಟದ ತಳದಲ್ಲಿ ಅಂಜುತ್ತ ಅಂಜುತ್ತ ಬರುತ್ತಿತ್ತು.

ಐವತ್ತೆಂಟನೇ ಇಸವಿಯಲ್ಲಿ ಬೂದಿಕೋಟೆ ರಸ್ತೆಯ ಹಳ್ಳಿಯೊಂದರಿಂದ ನರಸಮ್ಮ ಅವನ ಹತ್ತಿರ ಬಂದಳು. ಗಂಡ ಸತ್ತವಳು, ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆಯಲ್ಲಿ ಕಸ ಗುಡಿಸಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಳು. ಬೆಳಗಿನ ಬಸ್ಸು ಅವಳ ಹಳ್ಳಿಗೆ ತಿರುಗುವ ಗೇಟಿನಲ್ಲಿ ನಿಲ್ಲದೆ ಹೊರಟುಹೋಗುತ್ತಿತ್ತು. ಇನ್ನೊಂದು ತಿಂಗಳಲ್ಲಿ ಹೊತ್ತಿಗೆ ಸರಿಯಾಗಿ ಬರದಿದ್ದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತೇನೆಂದು ಹೆಡ್ಮಿಸ್ಟ್ರೆಸ್ ಗದರಿದ್ದರು.

"ಪೇಪರಿಗೆ ಬರಿ," ಎಂದೆ ನಾನು ಕೋದಂಡಪ್ಪನಿಗೆ. "ಸಂಪಾದಕರಿಗೆ ಸ್ತೋತ್ರ ಬೇಡ. ಯಾವ ಬಸ್ಸು, ಎಲ್ಲಿ ನಿಲ್ಲುವುದಿಲ್ಲ, ಯಾರಿಗೆ ಕಷ್ಟ, ಮೊದಲ ಸಾಲಿನಲ್ಲೇ ಹೇಳು. ಹತ್ತು ಸಾಲಿಗೆ ಮುಗಿಸು. ಕೆಳಗೆ ಹೆಸರು, ಊರು. ಉದ್ದ ಬರೆದೆಯೋ, ಕತ್ತರಿ ಹಾಕುತ್ತಾರೆ."

"ಅದೆಂಗೆ ಸಾರ್? ಬಸ್ಸಿನ ಯಜಮಾನ್ರನ್ನ ನಾಕು ಮಾತು ಒಗಳ್ದೆ ದೂರು ಏಳಿದ್ರೆ ಮುನಿಸ್ಕೊಳಲ್ವಾ? ಈಯಮ್ಮನ್ನ ಬಸ್ಸಿಗೇ ಅತ್ತುಸ್ಕೊಳ್ದಿದ್ರೆ ಏನು ಗತಿ?"

"ಈಗೇನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಾರೇನಯ್ಯಾ!" ಎಂದು ಕೂಗಾಡಿದೆ.

"ಆಯ್ತು ಸಾರ್, ನೀವೇಳ್ದಂಗೇ ಬರೀತೀನಿ," ಎಂದು ತಲೆಯಾಡಿಸಿದ. ಹುಟ್ಟುಗುಣ ಸುಟ್ಟರೆ ಹೋಗುತ್ತದೆಯೇ? ನಾನು ಅತ್ತ ಹೋದದ್ದೇ ತಡ, ತನ್ನ ಮಾಮೂಲು ಒಕ್ಕಣೆಯಲ್ಲಿ ನಾಲ್ಕು ಪುಟ ಬರೆದು, ನರಸಮ್ಮನ ಹೆಬ್ಬೆಟ್ಟು ಒತ್ತಿಸಿ, ಪುಣ್ಯಾತ್ಮ ಕೋರ್ಟ್ ಫೀ ಸ್ಟಾಂಪನ್ನೂ ಅಂಟಿಸಿ ಅಂಚೆಗೆ ಹಾಕಿದ.

ಹತ್ತು ದಿನಕ್ಕೆ ಪತ್ರಿಕೆಯಲ್ಲಿ ಬಂತು. ಜಾಗವಿದ್ದಷ್ಟು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದ್ದರು: "ಬೂದಿಕೋಟೆ ಮಾರ್ಗದ ಬಸ್ಸಿನ ಮಾಲೀಕರು ಧರ್ಮಪ್ರಭುಗಳು. ಬಡಬಗ್ಗರ ಪಾಲಿನ ಕಾಮಧೇನು. ಅವರ ಬಸ್ಸಿನಿಂದ ನಮ್ಮ ಹಳ್ಳಿಗೆ ಮಹದುಪಕಾರವಾಗಿದೆ." ಕೆಳಗೆ ನರಸಮ್ಮನ ಹೆಸರು, ಊರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ! ನನಗೆ ಮೈಯೆಲ್ಲ ಉರಿದುಹೋಯಿತು. ಪತ್ರಿಕೆ ಹಿಡಿದು, ಅವನ ಮಾನ ಕಳೆಯಬೇಕೆಂದೇ ಹುಣಸೆಮರದ ಹತ್ತಿರ ಹೋದೆ.

ನರಸಮ್ಮ ಆಗಲೇ ಅಲ್ಲಿ ಕೂತಿದ್ದಳು. ಶಾಲೆ ಬಿಡುವ ಹೊತ್ತೂ ಆಗಿರಲಿಲ್ಲ. ಕೋದಂಡಪ್ಪ ತಲೆ ಎತ್ತಲಿಲ್ಲ.

"ಬಸ್ಸು ಇವತ್ತೂ ನಿಲ್ಲಿಸ್ಲಿಲ್ಲ ಸಾಮಿ, ನಡ್ಕೊಂಡೇ ಓದೆ," ಎಂದಳು. "ಇಸ್ಕೂಲ್ ಅಮ್ನೋರು ಪೇಪರ್ ತೆಗ್ದು ಓದಿದ್ರು. 'ಬಸ್ಸು ಇಷ್ಟು ಚೆನ್ನಾಗಿದೆ ಅಂತ ನೀನೇ ಬರ್ಸಿದ್ದೀಯಲ್ಲ, ಮತ್ತೆ ದಿನಾ ಯಾಕೆ ತಡ?' ಅಂದ್ರು. ಎಸ್ರೂ ನಂದೇ, ಊರೂ ನಂದೇ. ಏನಂತ ಏಳ್ಲಿ? ಪೊರಕೆ ಅಲ್ಲೇ ಇಟ್ಟು ಬಂದ್ಬುಟ್ಟೆ."