ದುರ್ಬೀನಿನಲ್ಲಿ ಸಿಕ್ಕಿಬಿದ್ದ ಗಂಡ

ಎಣ್ಣೂರಿನ ಹಿನ್ನೀರಿಗೆ ರಾಜಹಂಸಗಳು ಬಂದಿವೆಯೆಂದು ಕೇಳಿ, ಭಾನುವಾರ ಬೆಳಿಗ್ಗೆಯೇ ಓಡಿದ್ದೆ. ಉಟ್ಟ ಪಂಚೆ ಕೊಳೆಯಾಗುವುದನ್ನೂ ಲೆಕ್ಕಿಸದೆ ಕೆಸರಲ್ಲಿ ತೆವಳಿ, ಅಂತೂ ಅವು ಚೆನ್ನಾಗಿ ಕಾಣುವ ಜಾಗ ಹಿಡಿದು ದುರ್ಬೀನು ಕಣ್ಣಿಗಿಟ್ಟೆ. ಅಷ್ಟರಲ್ಲಿ ಮೀನುಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ಪಕ್ಕದಲ್ಲೇ ಕುಕ್ಕರಿಸಿದಳು.

"ಏನ್ ಸಾಮಿ ಅದು? ಕೊಡಿ, ನಾನೂ ನೋಡ್ತೀನಿ."

ದುರ್ಬೀನು ಕೊಟ್ಟೆ. ನಾನು ಹಕ್ಕಿ ತೋರಿಸಿದರೆ ಅವಳು ಅದನ್ನು ಆಚೆ ದಡದ ದೋಣಿಯತ್ತ ತಿರುಗಿಸಿದಳು. ಬಲೆ ಹೊಲಿಯುತ್ತೇನೆಂದು ಹೋದ ಅವಳ ಗಂಡ ಅದರಲ್ಲಿ ಅಂಗಾತ ಮಲಗಿದ್ದ. ಕಣ್ಣೆದುರಿಗೇ ಕಂಡ ಮೇಲೆ ಬಿಡುತ್ತಾಳೆಯೇ?

"ಯೋವ್! ಏಳಯ್ಯಾ ಮೇಲೆ!"

ರಾಜಹಂಸಗಳು ಹಿಂಡಿಗೆ ಹಿಂಡೇ ಎದ್ದು ಹಾರಿಹೋದವು. ಗಂಡ ಮಗ್ಗುಲು ಬದಲಿಸಿದ.

"ನೋಡಿದ್ರಾ ಸಾಮಿ," ಎಂದಳು, ದುರ್ಬೀನು ಕಣ್ಣಿಂದ ಇಳಿಸದೆ, "ಇಷ್ಟು ಹತ್ತಿರ ನಿಂತು ಕೂಗಿದ್ರೂ ಏಳಲ್ಲ!"